ಡ್ರಮ್ಮಿನ ಮೇಲೆ ಕುರ್ಚಿ

ಕಲ್ಲುಗಣಿ ಕೇರಿಯ ಸುತ್ತ ಕಲ್ಲೇ, ಒಲೆಗೆ ಒಂದು ಪುಳ್ಳೆ ಸಿಗದು. ಕೇರಿಯ ಪಾಯಿಖಾನೆಯ ಹಿಂದಿನ ಗುಂಡಿಯಲ್ಲಿ ಮಲ ಕೊಳೆತು ಗ್ಯಾಸಾಗಿ ಮನೆಮನೆಯ ಒಲೆಗೆ ಹೋಗುತ್ತಿತ್ತು. ಗುಂಡಿಯ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು ಗ್ಯಾಸು ತುಂಬಿದರೆ ಏಳುತ್ತಿತ್ತು, ಒಲೆ ಉರಿದರೆ ಇಳಿಯುತ್ತಿತ್ತು. ಅದನ್ನು ನೋಡಿಕೊಳ್ಳುವವಳು ದುರುಗವ್ವ.

ಮಂಜು ಕವಿದ ಒಂದು ಬೆಳಿಗ್ಗೆ ಪುರಸಭೆಯ ಛೇರ್ಮನ್ ಪಂಪಣ್ಣ ಬಂದ. ಪಕ್ಕದಲ್ಲೇ ಅವನ ಹೊಸ ಕಲ್ಯಾಣ ಮಂಟಪ.

"ಈ ಗ್ಯಾಸಿನ ನಾತಕ್ಕ ಮದುವಿಗೆ ಬಂದವ್ರು ಮೂಗು ಮುಚ್ಚಿಕೊಂಡು ಉಣ್ಣಬೇಕೇನು? ಇವತ್ತಿಂದ ಒಬ್ಬರೂ ಈ ಒಲಿ ಹಚ್ಚಂಗಿಲ್ಲ. ನಾ ಇಲ್ಲೇ ಕುಂತು ನೋಡ್ತೀನಿ. ಎತ್ತರದಾಗ ಕುರ್ಚಿ ಹಾಕು."

"ಎತ್ತರ ಅಂದ್ರ ಇದೊಂದ ರೀ," ಎಂದು ದುರುಗವ್ವ ಡ್ರಮ್ಮಿನ ಮೇಲೆ ಕುರ್ಚಿ ಇಟ್ಟು, ಹಲಗೆ ಹಾಕಿ ಅವನನ್ನು ಹತ್ತಿಸಿದಳು. ಆಮೇಲೆ ಮನೆಮನೆಗೂ ಅಪ್ಪಣೆ ಮುಟ್ಟಿಸಿದಳು.

ಪಂಪಣ್ಣನಿಗೆ ಜೊಂಪು ಹತ್ತಿತು. ಕಣ್ಣು ಬಿಟ್ಟಾಗ ನೆಲ ಕಾಣಲಿಲ್ಲ. ಸುತ್ತ ಬರೀ ಮಂಜು. ಕಾಲಡಿಯಲ್ಲಿ ಯಾರೋ ಗುಳುಗುಳು ಉಸಿರಾಡಿದಂತೆ ಸದ್ದು. ಕಬ್ಬಿಣ ನರಳಿತು. ಕುರ್ಚಿ ಇನ್ನೂ ಒಂದು ಗೇಣು ಮೇಲೆದ್ದಿತು.

"ದುರುಗವ್ವ, ನನ್ನ ಇಳಿಸು."

ಮಂಜಿನೊಳಗಿಂದ ಅವಳ ದನಿ ಬಂತು. "ಹಲಗಿ ಜಾರಿ ಗುಂಡಿಗೆ ಬಿತ್ರಿ. ಒಲಿ ಹಚ್ಚಿದ್ರ ಡ್ರಮ್ಮು ತಾನ ಇಳಿತೈತ್ರಿ. ಆದ್ರ ತಮ್ಮ ಅಪ್ಪಣಿ ಐತಲ್ರಿ."

"ಹಚ್ರಿ. ದಿನಾ ಹಚ್ರಿ."

ಮನೆಮನೆಯಲ್ಲೂ ನೀಲಿ ಉರಿ ಎದ್ದಿತು. ರೊಟ್ಟಿ ಬೆಂದ ವಾಸನೆ ಬರುವ ಹೊತ್ತಿಗೆ ಡ್ರಮ್ಮು ನಿಟ್ಟುಸಿರಿಟ್ಟು ಇಳಿಯಿತು.

ನೆಲಕ್ಕೆ ಕಾಲಿಟ್ಟ ಪಂಪಣ್ಣ ಪಿಸುಗುಟ್ಟಿದ. "ಕೆಳಗ ಯಾರದಾರ?"

"ಯಾರೂ ಇಲ್ರಿ," ಎಂದಳು ದುರುಗವ್ವ. "ಹೋದ ವಾರ ನಾವು ಉಂಡ ಊಟ."