ಎಮ್ಮೆಯ ರಕ್ತ, ನರಿಯ ಬಿಲ್ಲು

ಮುದಿ ಎಮ್ಮೆಯೊಂದಕ್ಕೆ ಮೂತ್ರಪಿಂಡ ಕೈಕೊಟ್ಟು ಕಾಲುಗಳೆಲ್ಲ ಊದಿಕೊಂಡವು. ದಿನ ಬಿಟ್ಟು ದಿನ ಕೆರೆಗೆ ಹೋಗಿ, ಜಿಗಣೆಯಿಂದ ಕೆಟ್ಟ ರಕ್ತ ತೆಗೆಸಿಕೊಂಡರಷ್ಟೇ ಅದರ ಜೀವ ನಿಲ್ಲುತ್ತಿತ್ತು. ದಂಡೆಯಲ್ಲಿ ಕೂತ ನರಿ ಮುತ್ತುಗದೆಲೆಯ ಮೇಲೆ ಬಿಲ್ಲು ಗೀಚಿ ಕೊಡುತ್ತಿತ್ತು. ಎಮ್ಮೆ ತಾನು ಮೇಯಬೇಕಾದ ಹುಲ್ಲನ್ನೆಲ್ಲ ಹೊರೆ ಕಟ್ಟಿ ತಂದು ಅದರ ಮುಂದೆ ಸುರಿಯುತ್ತಿತ್ತು. ಬಿಲ್ಲಿನ ತಲೆಬುಡ ತಿಳಿಯದಿದ್ದರೂ ಜೀವದ ಮೇಲಿನ ಆಸೆಗೆ ಸುಮ್ಮನಿರುತ್ತಿತ್ತು.

ಒಂದು ದಿನ ಕುತೂಹಲ ತಡೆಯಲಾಗಲಿಲ್ಲ. “ನರಿರಾಯರೇ, ಇಷ್ಟೊಂದು ಹುಲ್ಲು ಯಾತಕ್ಕೆ?”

“ಕೆರೆಗೆ ಇಳಿದದ್ದಕ್ಕೆ ಒಂದು ಹೊರೆ, ಹತ್ತಿದ್ದಕ್ಕೆ ಒಂದು. ಜಿಗಣೆ ಕಚ್ಚಿದ್ದಕ್ಕೆ ಒಂದು, ಬಿಟ್ಟದ್ದಕ್ಕೆ ಒಂದು. ಉಳಿದದ್ದು ಇತರೆ.”

“ಇತರೆ ಅಂದರೆ ಏನು?”

“ಇತರೆ ಅಂದರೆ ಇತರೆ. ಹಿಂದೆ ಜನ ಕಾಯುತ್ತಿದ್ದಾರೆ, ಪಕ್ಕಕ್ಕೆ ಸರಿ.”

ಎಮ್ಮೆ ನೀರಿಗಿಳಿದು ಜಿಗಣೆಯನ್ನೇ ಕೇಳಿತು. “ತಂಗೀ, ನನ್ನ ಹುಲ್ಲಿನಲ್ಲಿ ನಿನಗೆಷ್ಟು ಸೇರುತ್ತದೆ?”

ಜಿಗಣೆಗೆ ನಗು ಬಂತು. “ನಾನು ಹುಲ್ಲು ತಿನ್ನುತ್ತೇನೆಯೇ ಅಕ್ಕಾ? ನಿನ್ನ ರಕ್ತವೇ ನನ್ನ ಊಟ. ಲೆಕ್ಕಕ್ಕೆ ನಾನೇ ನಿನಗೆ ಕೊಡಬೇಕು.”

ಎಮ್ಮೆ ದಂಡೆ ಹತ್ತಿ ನರಿಯ ಬೆನ್ನ ಹಿಂದೆ ಇಣುಕಿತು. ತಾನು ತಂದ ಹುಲ್ಲೆಲ್ಲ ಅಲ್ಲಿ ಗುಡ್ಡೆ ಬಿದ್ದು ಕೊಳೆಯುತ್ತಿತ್ತು. ಅದಕ್ಕೆ ಯಾರೂ ಬಾಯಿ ಹಾಕಿರಲಿಲ್ಲ.

“ಜಿಗಣೆ ಹುಲ್ಲು ತಿನ್ನುವುದಿಲ್ಲ. ನೀವೂ ತಿನ್ನುವುದಿಲ್ಲ. ಮತ್ತೆ ನನ್ನನ್ನು ಯಾಕೆ ಉಪವಾಸ ಕೆಡವುತ್ತೀರಿ?”

ನರಿ ಎಮ್ಮೆಯ ಎದ್ದು ಕಾಣುವ ಪಕ್ಕೆಲುಬುಗಳನ್ನು ಒಂದೊಂದಾಗಿ ನೋಡುತ್ತಾ ತುಟಿ ಸವರಿಕೊಂಡಿತು.

ಇತರೆ ಅಂದರೆ ಏನೆಂದು ಎಮ್ಮೆಗೆ ಆಗ ಗೊತ್ತಾಯಿತು.