ಗೆಣ್ಣಿಗೆ ಮೂರೆಲೆ

ಆಡು ಸಾಕೋದ್ರಲ್ಲಿ ಹಲಗಯ್ಯನ್ನ ಮೀರ್ಸೋರು ಸುತ್ತ ಏಳೂರಲ್ಲಿ ಇರ್ಲಿಲ್ಲ. ಹಂಗಂತ ಅವನೇ ಹೇಳ್ಕೊಂಡು ತಿರುಗ್ತಿದ್ದ.

ಆಡಿಗೆ ಯಾವ ಸೊಪ್ಪು ಹಾಕ್ಬೇಕು, ಯಾವುದು ವಿಷ ಅಂತ ಮೊಮ್ಮಗಳು ಚಿಕ್ಕತಾಯಿಗೆ ದಿನಾ ಪಾಠ. ಎದುರಿಗೆ ಕೂರ್ಸಿ, "ಹೂಂ, ಒಪ್ಸು" ಅಂತ ಗದರೋನು. ಏಳು ವರ್ಷದ ಕೂಸು. ನಾಕು ಹೆಸರು ಹೇಳೋಷ್ಟ್ರಲ್ಲಿ ಅಳು ಬರೋದು.

ಸೊಸೆ ಮಾದೇವಿ ನೋಡೋವಷ್ಟು ನೋಡಿದ್ಲು. ಆಮೇಲೆ ಕೊಟ್ಟಿಗೆ ಗುಡಿಸ್ತಾ ಮಗಳಿಗೆ ತನ್ನ ತವರಿನ ಪದ ಹೇಳ್ಕೊಟ್ಲು:

ಮಾವಿನೆಲೆ ತಿನ್ನೇ ನನ್ನ ಮೋಟುಗಿವಿ ಆಡೇ
ಹಲಸಿನೆಲೆ ತಿನ್ನೇ ನನ್ನ ಹಾಲ್ಗೆಚ್ಚಲ ಆಡೇ
ಗೆಣ್ಣಿಗೆ ಮೂರೆಲೆ ಕಣಗಿಲೆ ಕಂಡರೆ
ಮೂತಿ ತಿರುಗಿಸಿ ಬಾರೇ

"ನಿಮ್ ತವರಲ್ಲಿ ಆಡಿಗಿಂತ ಹಾಡೇ ಜಾಸ್ತಿ ಇದ್ವೇನವ್ವಾ?" ಅಂತ ಹಲಗಯ್ಯ ಹಂಗಿಸ್ದ.

"ಎರಡೂ ಇದ್ವು ಮಾವ," ಅಂದ್ಲು ಮಾದೇವಿ.

ಒಂದಿನ ಪಕ್ಕದ ಮನೆಯೋರು ಮಾವಿನ ಕೊಂಬೆ ಸವರ್ಸಿದ್ರು. ಹಂಗೇ ಬೇಲೀಲಿದ್ದ ವಿಷದ ಕಣಗಿಲೇನೂ ಸವರಿ ಅದೇ ಗುಡ್ಡೆಗೆ ಎಸ್ದಿದ್ರು. ಹಲಗಯ್ಯನ ಕಣ್ಣಿಗೆ ಪೊರೆ ಬಂದು ವರ್ಷ ಆಗಿತ್ತು. ಮನೇಲಿ ಬಾಯಿ ಬಿಟ್ಟಿರ್ಲಿಲ್ಲ. ಎಲ್ಲಾ ಒಟ್ಟಿಗೆ ಹೊರೆ ಕಟ್ಟಿ ತಂದು, "ಹಾಕವ್ವ ನಿನ್ ಕೆಂಚಿಗೆ" ಅಂತ ಮೊಮ್ಮಗಳಿಗೆ ಅಂದ.

ಕೆಂಚಿ ತುಂಬಿದ ಗಬ್ಬದ ಆಡು. ಚಿಕ್ಕತಾಯಿಗೆ ಅದು ಅಂದ್ರೆ ಪ್ರಾಣ. ಪದ ಹೇಳ್ಕೊಂಡು ಒಂದೊಂದೇ ಕಡ್ಡಿ ಕೊಡ್ತಿದ್ಲು. ಮೂರನೇ ಸಾಲಿಗೆ ಬಂದಾಗ ಕೈ ತಡೀತು. ಕೆಂಚಿ ಕತ್ತು ಚಾಚ್ತು. ಹುಡುಗಿ ಕಡ್ಡೀನ ಬೆನ್ನ ಹಿಂದಕ್ಕೆ ಇಟ್ಕೊಂಡ್ಲು.

"ತಾತ, ಇದು ಬೇರೆ ಸೊಪ್ಪು."

"ಮಾವಿಂದು ಕಣೆ. ನಂಗೇ ಹೇಳ್ಕೊಡ್ತೀಯಾ? ಹಾಕು."

"ಗೆಣ್ಣಿಗೆ ಮೂರು ಅವೆ. ನೀನೇ ನೋಡು."

ಕಿತ್ಕೊಂಡು ಮೂಗಿನ ಹತ್ರ ಹಿಡ್ದ. ಕಾಣ್ಲಿಲ್ಲ. ಬೆರಳಲ್ಲಿ ತಡವಿದ. ಒಂದು. ಎರಡು. ಮೂರು. "ಮಾದೇವೀ, ಬಾರವ್ವ ಬೇಗ!" ಅಂತ ಹಲಗಯ್ಯ ಕೂಗ್ದ.

ಮಾದೇವಿ ಓಡಿ ಬಂದು ಹೊರೆ ಬಿಚ್ಚಿ ಹಾಕಿದ್ಲು. ಒಂಬತ್ತು ಕಡ್ಡಿ ಕಣಗಿಲೆ ಸಿಕ್ತು. ಒಂದರಲ್ಲೂ ಹಲ್ಲಿನ ಗುರುತು ಇರ್ಲಿಲ್ಲ. ಕೆಂಚಿ ಮಾತ್ರ ಮಾವಿನೆಲೆ ಅಗೀತಾ, ಏನಾಯ್ತು ನಿಮ್ಗೆಲ್ಲಾ ಅನ್ನೋ ಹಂಗೆ ನೋಡ್ತಿತ್ತು. ಹಲಗಯ್ಯಂಗೆ ಹೋದ ಉಸುರು ಬಂತು.

ಸ್ವಲ್ಪ ಹೊತ್ತಾದ್ಮೇಲೆ ಮೊಮ್ಮಗಳನ್ನ ಹತ್ರ ಕರ್ದ. "ಆ ಪದ ಇನ್ನೊಂದ್ಸಲ ಹೇಳವ್ವ."

"ಯಾಕ್ ಮಾವ, ಕೆಂಚಿ ಕಲೀಬೇಕಾ?" ಅಂದ್ಲು ಮಾದೇವಿ.

"ಸುಮ್ನಿರವ್ವ, ನಾನ್ ಕಲೀಬೇಕು," ಅಂದ. "ಮೋಟುಗಿವಿ ಆದ್ಮೇಲೆ ಏನು?"

ನೀತಿ: ಗದರ್ಸಿ ತುಂಬಿದ ಪಾಠ ಅಳುವಿನ ಜೊತೆ ಹರ್ದು ಹೋಗ್ತದೆ. ಮನೇಲಿ ಪದ ಕಟ್ಟಿ ಕಲ್ಸಿದ್ದು ಬೇಕಾದ ಹೊತ್ತಿಗೆ ಮಗೀನ ಕೈ ಹಿಡೀತದೆ. ದೊಡ್ಡೋರು ತಾವೂ ಒಂದೆರಡು ಸಾಲು ಕಲ್ತ್ರೆ ಮರ್ಯಾದೆ ಏನೂ ಹೋಗಲ್ಲ.