ಕಪ್ತಾನ ಹೇಳಿಕೊಟ್ಟ ಉಚ್ಚಾರ

"ನಮ್ಮ ಭಾಷೆ ನಿಮ್ಮ ನಾಲಗೆಗೆ ದಕ್ಕುವುದಲ್ಲ!" ಎಂದು ಪರಂಗಿ ಕಪ್ತಾನ ಬೆರ್ನಾರ್ದು ತಿರುಮಲರಸನ ತುಂಬಿದ ಸಭೆಯಲ್ಲೇ ಮೀಸೆ ತಿರುವಿದ. "ಆ ಮೀನುಗಾರನನ್ನು ಬಿಡಬೇಕೆ? ಬಿಡುತ್ತೇನೆ. ನಿಮ್ಮಲ್ಲಿ ಒಬ್ಬ ಕೋಟೆಗೆ ಬಂದು ಪೋರ್ಚುಗೀಸಿನಲ್ಲೇ ಬೇಡಲಿ. ಉಚ್ಚಾರ ಕೂದಲೆಳೆಯಷ್ಟು ತಪ್ಪಿದರೂ ಆ ಮಾತು ಆಡಿಲ್ಲವೆಂದೇ ಲೆಕ್ಕ."

ಮೀನುಗಾರ ಕುಟ್ಟಿ ಮರಕಾಲ ಮಾಡಿದ ಅಪರಾಧವೇನು? ಪರಂಗಿಗಳ ಪರವಾನಗಿ ಇಲ್ಲದೆ ಸಮುದ್ರದಲ್ಲಿ ಬಲೆ ಬೀಸಿದ್ದು. ಅವನ ಅಜ್ಜ, ಮುತ್ತಜ್ಜ ಬಲೆ ಬೀಸಿದ ಸಮುದ್ರವೇ ಅದು. ಸಂಜೆಯ ಹಡಗಿಗೆ ಅವನನ್ನು ಏರಿಸಿ, ಸಾಯುವ ತನಕ ಸರಪಳಿಯಲ್ಲಿ ಕಟ್ಟಿ ಹಡಗಿನ ಹುಟ್ಟು ಎಳೆಸುವುದೆಂದು ತೀರ್ಮಾನವಾಗಿತ್ತು.

ಅರಸ ಕೆಮ್ಮಿದ. ಧೈರ್ಯ ಸಾಲದಾದಾಗ ಅರಸರಿಗೆ ಕೆಮ್ಮು ಬರುತ್ತದೆ. ಕೆಮ್ಮಿ, ಆಸ್ಥಾನದ ದುಭಾಷಿ ದುಗ್ಗಪ್ಪನ ಕಡೆ ನೋಡಿದ.

ಹೊರಗೆ ಕುಟ್ಟಿಯ ಹೆಂಡತಿ ಚೆನ್ನು ಅಡ್ಡಗಟ್ಟಿದಳು. "ಅಯ್ಯಾ, ನಿಮಗೆ ಅವರ ಮಾತು ಸರಿಯಾಗಿ ಬರ್ತದಾ?"

"ಬರ್ತದೆ ತಂಗಿ, ಅದೇ ತೊಂದರೆ. ಇವತ್ತು ಮರೀಬೇಕು. ನೀನು ಅಳೋದು ಬಿಟ್ಟು ಕೋಟೆ ಬಾಗಿಲ ಹತ್ತಿರ ದೋಣಿ ತಂದು ನಿಲ್ಲಿಸು."

ಕೋಟೆಯಲ್ಲಿ ಕಪ್ತಾನ ಮಹಡಿಯ ಜಗಲಿಯಲ್ಲಿ ಕುರ್ಚಿ ತುಂಬ ಕುಳಿತಿದ್ದ. ಕೆಳಗೆ ಅಂಗಳದಲ್ಲಿ ಕುಟ್ಟಿಯನ್ನು ಕಂಬಕ್ಕೆ ಬಿಗಿದು ಇಬ್ಬರು ಸಿಪಾಯಿಗಳು ಕಾಯುತ್ತಿದ್ದರು.

ದುಗ್ಗಪ್ಪ ಕೈಮುಗಿದ. "ಸೊಲ್ತೆಂ-ನೂ!" ಅವನನ್ನು ಬಿಟ್ಟುಬಿಡಿ ಎಂದರ್ಥ.

ಕಪ್ತಾನ ತೊಡೆ ತಟ್ಟಿ ನಕ್ಕ. "ಕತ್ತೆ! ಕೊನೆಗೆ ಅಂಟಿಸಿದ 'ನು' ಅಂದರೆ 'ಅವನನ್ನು'. ಅದು ಬರೀ ಬಾಲ, ಅದಕ್ಕೆ ಒತ್ತಿಲ್ಲ. ಒಡೆದು ಹೇಳು: ಸೊಲ್, ತೆಂ, ನು. ಒತ್ತು ಮೊದಲನೆಯದಕ್ಕೆ."

'ಅವನು' ಅನ್ನುವವನಿಗೆ ತೂಕವೇ ಇಲ್ಲ. ಇವರ ಆಳ್ವಿಕೆ ಹೇಗೋ ವ್ಯಾಕರಣವೂ ಹಾಗೇ ಎಂದುಕೊಂಡ ದುಗ್ಗಪ್ಪ. "ಸೊಲ್-ತೇಂ-ನು?"

"ನಡುವಿಗಲ್ಲವೋ ಮುಠ್ಠಾಳ!"

"ಸ್ವಾಮಿ, ನಮ್ಮದು ಮಂದ ಕಿವಿ. ತಾವು ಕುಳಿತು ಹೇಳಿದರೆ ಮಾತು ಹೊಟ್ಟೆಯಲ್ಲೇ ಉಳೀತದೆ. ಎದ್ದು ನಿಂತು, ಅಂಗಳದ ಕಡೆ ಮುಖ ಮಾಡಿ, ಯುದ್ಧದಲ್ಲಿ ಕೂಗುವ ಆ ಕಂಠದಲ್ಲಿ ಒಮ್ಮೆ ಅಪ್ಪಣೆಯಾಗಲಿ. ಜನ್ಮಕ್ಕೂ ಮರೆಯೋದಿಲ್ಲ."

ತನ್ನ ಕಂಠದ ಹೊಗಳಿಕೆ ಯಾವ ದೊರೆಗೆ ಬೇಡ? ಕಪ್ತಾನ ಎದ್ದ. ಎದೆ ಉಬ್ಬಿಸಿದ. ಗೋಡೆ ಅದುರುವಂತೆ ಗರ್ಜಿಸಿದ: "ಸೊಲ್! ತೆಂ-ನು!"

ಕೆಳಗೆ ಸಿಪಾಯಿಗಳು ಹಿಮ್ಮಡಿ ಬಡಿದು ಸೆಟೆದು ನಿಂತರು. ಅಪ್ಪಣೆಗೆ ಕಾರಣ ಕೇಳಿದವನ ಬೆನ್ನಿನ ಚರ್ಮ ಸುಲಿಸುವುದು ಆ ಕೋಟೆಯ ಶಿಸ್ತು. ಅವರು ಕೇಳಲಿಲ್ಲ. ಬೀಗ ತೆರೆದರು, ಸರಪಳಿ ಕಳಚಿದರು, ದಾರಿ ಬಿಟ್ಟರು. ಕುಟ್ಟಿಯೂ ಏನೂ ಕೇಳಲಿಲ್ಲ. ಒಂದೇ ಓಟಕ್ಕೆ ಬಾಗಿಲು ದಾಟಿ ದೋಣಿಗೆ ಹಾರಿದ. ಕಪ್ತಾನನಿಗೆ ತಾನು ಏನು ಕೂಗಿದೆನೆಂದು ಹೊಳೆಯುವಷ್ಟರಲ್ಲಿ ಚೆನ್ನು ದೋಣಿಯನ್ನು ಅಳಿವೆ ದಾಟಿಸಿದ್ದಳು.

ಕಪ್ತಾನ ದುಗ್ಗಪ್ಪನ ಕತ್ತುಪಟ್ಟಿ ಹಿಡಿದು ಅರಸನ ಮುಂದೆ ತಂದು ನಿಲ್ಲಿಸಿದ. "ಮೋಸ! ನಾನು ಪಾಠ ಹೇಳುತ್ತಿದ್ದೆ! ಇವನನ್ನು ಗಲ್ಲಿಗೇರಿಸಿ!"

"ಏನಯ್ಯಾ ಇದು?" ಎಂದ ಅರಸ, ನಗು ಅದುಮಿಕೊಂಡು.

"ಪ್ರಭು, ನಾನು ಬೇಡಿದ್ದೆಲ್ಲ ತಪ್ಪು ಉಚ್ಚಾರ, ಆಡಿಲ್ಲವೆಂದೇ ಲೆಕ್ಕ. ಒಂದು ಕೂದಲೆಳೆಯೂ ತಪ್ಪದಂತೆ ಕುಟ್ಟಿಯ ಬಿಡುಗಡೆ ಬೇಡಿದವರು ಆ ಕೋಟೆಯಲ್ಲಿ ಒಬ್ಬರೇ. ಗಲ್ಲಿಗೇರಿಸುವುದೇ ಆದರೆ, ಅವರು ಇಲ್ಲೇ ನಿಂತಿದ್ದಾರೆ."